ಫ್ರೀಜರಿನ ಶ್ರುತಿ

ಪತ್ರಿಕೆಯವರು ಬರೆದಿದ್ದಾರೆ: 'ದಿಟ್ಟ ತಿರುವು.
ತಗ್ಗಿದ, ಗಾಢವಾದ ಹೊಸ ದನಿ.'
ಮೇಜಿನ ಮೇಲೆ ಹೊಸ ಆಲ್ಬಮ್ಮು ಜೋಡಿಸುತ್ತ
ಆ ತುಣುಕನ್ನು ಎರಡು ಸಲ ಓದಿದೆ.
ನಗು ಬಂತು. ಆಮೇಲೆ ಯಾಕೋ ನಿಂತಿತು.

ಹತ್ತೊಂಬತ್ತು ವರ್ಷ ಇವರ ವ್ಯಾನು ಓಡಿಸಿದವನು ನಾನು,
ತಂತಿಗೆ ಬೆರಳು ಹಚ್ಚಿದವನಲ್ಲ.
ಎಲ್ಕಿನ್ಸ್‌ನಿಂದ ಬಕ್‌ಹ್ಯಾನನ್‌ಗೆ, ಅಲ್ಲಿಂದಾಚೆಗೆ
ಕಲ್ಲಿದ್ದಲ ಲಾರಿಯ ಹಿಂದೆ ತೆವಳುತ್ತ
ಯಾವ ತಿರುವಿನಲ್ಲಿ ದೊಡ್ಡ ಬೇಸು ಹೊರಳುತ್ತದೆ,
ಯಾವ ಹಾಡಿಗೆ ಜನ ಎದ್ದು ಬಿಯರಿಗೆ ಹೋಗುತ್ತಾರೆ,
ನನಗೆ ಗೊತ್ತಿರುವುದು ಇಷ್ಟೇ.

ಈ ತಿರುವಿನ ಕಥೆ ಬೇರೆ.

ಹೋದ ಮಾರ್ಚಿನಲ್ಲಿ ವರ್ನೀಸಳ ಕತ್ತು ಕೊಯ್ದರು,
ಡಾಕ್ಟರುಗಳೇ, ಅಚ್ಚುಕಟ್ಟಾಗಿ.
ಗಂಟು ಹೋಯಿತು, ಮಾತು ಉಳಿಯಿತು,
ಮೇಲಿನ ಆ ಒಂದು ಸ್ವರ ಮಾತ್ರ ವಾಪಸು ಬರಲಿಲ್ಲ.
ಅವಳು ಅಲ್ಲಿಗೆ ಏರುವಾಗ ಮುಂಚೆ
ಕಾಫಿ ಸುರಿಯುತ್ತಿದ್ದವರ ಕೈ ಹಾಗೇ ನಿಲ್ಲುತ್ತಿತ್ತು.
ಈಗ, ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು
ಕತ್ತಲಲ್ಲಿ ಕಾಲೆತ್ತಿದವರ ಹಾಗೆ
ಗಂಟಲು ಬರೀ ಗಾಳಿ ತುಳಿಯುತ್ತದೆ.

ಹೋಬರ್ಟ್ ಏನೂ ಅನ್ನಲಿಲ್ಲ.
ಪಿಟೀಲಿನ ಕಿವಿ ಹಿಂಡಿ ಅರ್ಧ ಇಳಿಸಿದ.
'ಇಲ್ಲಿ ಆಗುತ್ತಾ?'
'ಇನ್ನೊಂಚೂರು.'
ಇನ್ನೂ ಅರ್ಧ ಇಳಿಸಿದ.
ಜೊತೆಗೆ ಇಳಿದ ಬ್ಯಾಂಜೋದ ತಂತಿ ಸಡಿಲಾಗಿ
ಗೊರಗೊರ ಅಂದಿತು. ಡೆನ್‌ಜಿಲ್ ಅದನ್ನು ಬೈದ,
ತಿರುಪು ತಿರುಗಿಸಿದ, ಮತ್ತೆ ಬೈದ, ಬಿಟ್ಟ.
ಹುರಿದ ಜೋಳದ ಹಾಗೆ ಸಿಡಿಸುತ್ತಿದ್ದವನು
ಈಗ ಒಂದು ಮೀಟಿ, ಅದು ಪೂರಾ ಸಾಯುವ ತನಕ
ಸುಮ್ಮನಿರುವುದು ಕಲಿಯಬೇಕಾಯಿತು,
ಅರವತ್ತೆಂಟರಲ್ಲಿ.

ರೆಕಾರ್ಡಿಂಗು ಆರ್ಲಿಯ ಹಿಂಡಿಬೂಸಾ ಅಂಗಡಿಯ ಹಿಂಕೋಣೆಯಲ್ಲಿ.
ಬಾಡಿಗೆಯಿಲ್ಲ, ಒಂದೇ ಷರತ್ತು:
ಮೂಲೆಯ ಫ್ರೀಜರು ಆರಿಸಕೂಡದು.
ನವೆಂಬರಿನ ಎರಡು ಜಿಂಕೆ ಅದರೊಳಗಿವೆ,
ಆರಿಸಿದರೆ ಮತ್ತೆ ಹತ್ತುವ ನಂಬಿಕೆ ದೇವರಿಗೂ ಇಲ್ಲ.
ಅದರ ಗುಂಯ್ ಯಾವ ಸ್ವರವೂ ಅಲ್ಲ,
ಪಿಯಾನೋದ ಎರಡು ಮನೆಗಳ ನಡುವಿನ ಓಣಿ.

ಪಿಟ್ಸ್‌ಬರ್ಗಿನಿಂದ ಬಂದ ಹುಡುಗ, ಕಿವಿಗೆ ಡಬ್ಬಿ ಏರಿಸಿಕೊಂಡು,
'ಯೋಚನೆ ಬೇಡ, ಆ ಸದ್ದನ್ನು ಆಮೇಲೆ
ಕಂಪ್ಯೂಟರಿನಲ್ಲಿ ಅಳಿಸುತ್ತೇನೆ' ಅಂದ.
ವರ್ನೀಸ್ ಕಣ್ಣು ಮುಚ್ಚಿಕೊಂಡೇ ಅಂದಳು:
'ಮುಟ್ಟಬೇಡ.
ನಾನು ಅದಕ್ಕೆ ಒರಗಿಕೊಂಡಿದ್ದೇನೆ.'

ಮಿಕ್ಕವರೂ ಓಣಿಗಿಳಿದರು.
ಪಿಟೀಲು, ಬ್ಯಾಂಜೋ, ಬೇಸು, ಕೊನೆಗೆ ಗಿಟಾರು,
ಎಲ್ಲವೂ ಜಿಂಕೆಮಾಂಸದ ಶ್ರುತಿಗೆ.

ಆರನೆಯ ಹಾಡಿನ ಕೊನೆಯ ಸಾಲಿಗೆ
ಮೋಟಾರು ಒಮ್ಮೆ ನಡುಗಿ ತಾನಾಗಿ ನಿಂತಿತು.
ನೀವು ಕೇಳಬಹುದು, ಆಲ್ಬಮ್ಮಿನಲ್ಲಿದೆ.
ಯಾರೂ ಬಾರಿಸುವುದಿಲ್ಲ. ಅವಳು ನಿಂತಿದ್ದಾಳೆ,
ಗೋಡೆ ತೆಗೆದ ಮೇಲೂ ನಿಂತ ಏಣಿ.

ಟೋಪಿಯ ಮುದುಕನೊಬ್ಬ ಮೇಜಿಗೆ ಬಂದ.
'ಹಳೇದಿದೆಯಾ? ಮೇಲಕ್ಕೆ ಹಾಡುತ್ತಾಳಲ್ಲ, ಅದು.
ನನ್ನವಳು ಕಾರಿನಲ್ಲಿ ಜೊತೆಗೆ ಹಾಡುತ್ತಿದ್ದಳು,
ಮುಟ್ಟುತ್ತಿರಲಿಲ್ಲ, ಆದರೂ.'
ಡಬ್ಬದ ತಳದಿಂದ ಒಂದು ತೆಗೆದುಕೊಟ್ಟೆ.
ಹೊಸದರ ಬೆನ್ನು ತಿರುವಿ ನೋಡಿ ಇದ್ದಲ್ಲೇ ಇಟ್ಟ.
ಐದು ಡಾಲರು ಚಿಲ್ಲರೆ ಕೊಡುವುದಿತ್ತು, ಹುಡುಕುತ್ತಿದ್ದೆ,

ದೀಪ ಇಳಿಯಿತು.
ಇಲ್ಲಿ ಫ್ರೀಜರಿಲ್ಲ.
ಹೋಬರ್ಟ್ ಕಮಾನನ್ನು ತಗ್ಗಿನ ತಂತಿಗಿಟ್ಟು
ಎಳೆಯುತ್ತಾನೆ, ಎಳೆಯುತ್ತಾನೆ, ಅದೇ ಓಣಿ.
ಮುದುಕ ಚಿಲ್ಲರೆಗೆ ಚಾಚಿದ ಕೈ ಚಾಚಿಯೇ ಇದ್ದ.
ನಾನೂ ಎಣಿಸುವುದು ಮರೆತೆ.